ಬಾಯಿಬಿಟ್ಟು ಹೇಳಿ: ಸ್ಕಿಜೋಫ್ರೇನಿಯಾ ಇರುವವರಿಗೆ ಮುಖ, ಮಾತು, ಸನ್ನೆ ತಿಳಿಯದಿದ್ದಾಗ ಮನೆಯವರು ಏನು ಮಾಡಬಹುದು

ನಮ್ಮ ಮನೆ ಗಂಗಾವತಿಯಲ್ಲಿದೆ. ಕೆಲವು ವರ್ಷಗಳ ಹಿಂದಿನ ಮಾತು. ಅವ್ವನಿಗೆ ಮೈ ಬಿಸಿಯಾಗಿತ್ತು, ನಲ್ಲಿ ನೀರು ಬರುವ ಹೊತ್ತು ಬೇರೆ. ಕೊಡ ಹಿಡಿದು ಬಾಗಿಲಲ್ಲಿ ನಿಂತು, ಜೋರಾಗಿ ಉಸಿರು ಬಿಟ್ಟು, "ಈ ಮನ್ಯಾಗ ಒಂದು ಕೊಡ ನೀರು ತರೋರು ಯಾರೂ ಇಲ್ಲ" ಅಂದಳು. ಕಟ್ಟೆ ಮೇಲೆ ಕೂತಿದ್ದ ನನ್ನ ತಮ್ಮ ತಲೆ ಎತ್ತಿ, "ಹೌದವ್ವ, ಯಾರೂ ಇಲ್ಲ" ಅಂದ. ಮತ್ತೆ ತಲೆ ತಗ್ಗಿಸಿ ಕೂತ. ಅವತ್ತು ನಡೆದ ಜಗಳ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ. ಅವ್ವ ಅತ್ತಳು. "ನಿನ್ನದು ಕಲ್ಲು ಮನಸ್ಸು" ಅಂತ ಬೈದವಳು ನಾನೇ.

ಅವ್ವ ಹೇಳಿದ್ದು ಅವನಿಗೆ ಕೇಳಿಸಿತ್ತು. ಹೇಳದೆ ಬಿಟ್ಟದ್ದು ಕೇಳಿಸಿರಲಿಲ್ಲ. ಇದು ಅವನ ಕಾಯಿಲೆಯ ಒಂದು ಭಾಗ ಅಂತ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಅಷ್ಟರಲ್ಲಿ ಅವನಿಗೆ ಸೊಕ್ಕು, ಹಠ, ಸೋಮಾರಿ ಅಂತ ಎಲ್ಲ ಹೆಸರೂ ಇಟ್ಟಾಗಿತ್ತು. ನಿಮ್ಮ ಮನೆಯಲ್ಲೂ ಹೀಗೇ ನಡೆಯುತ್ತಿದ್ದರೆ, ನಮಗಾದಷ್ಟು ತಡ ನಿಮಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್‌ಗಳನ್ನು ಕೇಳಿ ತಿಳಿದದ್ದು, ಓದಿದ್ದು, ಮನೆಯಲ್ಲಿ ಮಾಡಿ ನೋಡಿದ್ದು ಇಲ್ಲಿದೆ.

ಮೊದಲು ಇದು ಏನು ಅಂತ ತಿಳಿಯೋಣ

ಸ್ಕಿಜೋಫ್ರೇನಿಯಾ ಅಂದ ಕೂಡಲೇ ಜನಕ್ಕೆ ಹೊಳೆಯುವುದು ಎರಡೇ. ಯಾರೂ ಇಲ್ಲದಾಗ ಕಿವಿಯಲ್ಲಿ ಕೇಳುವ ದನಿ, ಮತ್ತೆ ಬುಡವಿಲ್ಲದ ಅನುಮಾನ. ನಮ್ಮ ಕಡೆ ಇದಕ್ಕೆ ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಅಂತಾನೂ ಹೇಳುತ್ತಾರೆ. ಇದು ಮೆದುಳಿನ ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಅಂದರೆ ಒಂದು ಲಕ್ಷ ಜನ ಇರುವ ಊರಿನಲ್ಲಿ ಸುಮಾರು 300 ಮನೆಗಳಲ್ಲಿ ಇದೇ ಕಥೆ, ಅಲ್ವಾ? ಬಾಗಿಲು ಮುಚ್ಚಿಕೊಂಡಿರುತ್ತವೆ, ಅಷ್ಟೇ.

ದನಿ, ಅನುಮಾನದ ಜೊತೆಗೆ ಇನ್ನೊಂದು ತೊಂದರೆ ಇರುತ್ತದೆ, ಅದು ಸದ್ದು ಮಾಡುವುದಿಲ್ಲ. ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ ಶಕ್ತಿ ಕುಗ್ಗುತ್ತದೆ. ನಾವು ದಿನವಿಡೀ ಇದನ್ನು ಗೊತ್ತಿಲ್ಲದೆ ಮಾಡುತ್ತಿರುತ್ತೇವೆ. ಅಂಗಡಿಯವನ ಮುಖ ನೋಡಿ ಇವತ್ತು ಉದ್ರಿ ಕೇಳಬಾರದು ಅಂತ ತಿಳಿಯುತ್ತೇವೆ. ನೆಂಟರು ಗಡಿಯಾರ ನೋಡಿದರೆ ಹೊರಡುವ ಹೊತ್ತಾಯಿತು ಅಂತ ತಿಳಿಯುತ್ತೇವೆ. ಯಾರೂ ಕಲಿಸಿಲ್ಲ, ಆದರೂ ತಿಳಿಯುತ್ತದೆ. ಇದಕ್ಕೆ ಡಾಕ್ಟರ್‌ಗಳು ಸಾಮಾಜಿಕ ಅರಿವು ಅನ್ನುತ್ತಾರೆ, ಸೋಷಿಯಲ್ ಕಾಗ್ನಿಷನ್ ಅಂತಾನೂ ಕೇಳಿರುತ್ತೀರಿ. ಸ್ಕಿಜೋಫ್ರೇನಿಯಾದಲ್ಲಿ ಈ ಅರಿವು ಎಷ್ಟೋ ಜನರಲ್ಲಿ ಕಾಯಿಲೆ ಎದ್ದು ಕಾಣುವ ಮೊದಲೇ ಮಂಕಾಗಿರುತ್ತದೆ, ದನಿಗಳು ನಿಂತ ಮೇಲೂ ಹಾಗೇ ಉಳಿಯಬಹುದು. ಮಾತ್ರೆಗಳು ದನಿಯನ್ನೂ ಅನುಮಾನವನ್ನೂ ಚೆನ್ನಾಗಿ ತಗ್ಗಿಸುತ್ತವೆ, ಆದರೆ ಇದರ ಮೇಲೆ ಅವುಗಳ ಕೆಲಸ ಕಮ್ಮಿ. "ಮಾತ್ರೆ ತಗೋತಾನೆ, ರಾತ್ರಿ ನಿದ್ದೆ ಮಾಡ್ತಾನೆ, ಆದ್ರೂ ಯಾಕೆ ಹಿಂಗೆ?" ಅಂತ ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಬಹಳ ಸಲ ಇಲ್ಲೇ ಇರುತ್ತದೆ. ಕೆಲಸದಲ್ಲಿ ನಿಲ್ಲುವುದು, ಗೆಳೆತನ ಉಳಿಸಿಕೊಳ್ಳುವುದು ಕೂಡ ಈ ಅರಿವಿನ ಮೇಲೆ ಬಹಳ ನಿಂತಿದೆ ಅಂತ ಸಂಶೋಧನೆಗಳು ತೋರಿಸಿವೆ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಖದಲ್ಲಿ ಭಾವನೆ ಕಾಣದಿದ್ದರೆ ಒಳಗೂ ಇಲ್ಲ ಅಂತ ತಿಳಿಯಬೇಡಿ. ಸ್ಕಿಜೋಫ್ರೇನಿಯಾ ಇರುವವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿ ನೋಡಿದ್ದಾರೆ. ಮುಖದ ಮೇಲೆ ಕಾಣುವುದು ಕಮ್ಮಿ, ಆದರೆ ಒಳಗೆ ಏನನ್ನಿಸಿತು ಅಂತ ಕೇಳಿದರೆ ಉಳಿದವರಷ್ಟೇ ಅನ್ನಿಸಿದೆ. ನಮ್ಮಪ್ಪ ತೀರಿಕೊಂಡಾಗ ತಮ್ಮನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ, ಅದನ್ನು ಊರೆಲ್ಲ ಆಡಿಕೊಂಡಿತು. ಆದರೆ ಮೂರು ತಿಂಗಳು ಅವನು ದಿನಾ ಸಂಜೆ ಅಪ್ಪನ ಚಪ್ಪಲಿ ಒರೆಸಿ ಇಡುತ್ತಿದ್ದ.

ಹೆಜ್ಜೆ 1: ಬೇರೆ ಕಾರಣ ಇದೆಯಾ ನೋಡಿ

ಎಲ್ಲವನ್ನೂ ಸಾಮಾಜಿಕ ಅರಿವಿನ ತಲೆಗೆ ಕಟ್ಟುವ ಮೊದಲು ಕೆಲವನ್ನು ಪರೀಕ್ಷಿಸಿಕೊಳ್ಳಿ. ಕೆಲವು ಮಾತ್ರೆಗಳಿಂದ ಮುಖ ಬಿಗಿಯುತ್ತದೆ, ಕೈಕಾಲು ಗಟ್ಟಿಯಾಗುತ್ತವೆ, ನಡಿಗೆ ನಿಧಾನವಾಗುತ್ತದೆ. ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ, ನೆಂಟರ ಮನೆಯಲ್ಲಿ ಎದ್ದೆದ್ದು ಓಡಾಡಿದರೆ ಮರ್ಯಾದೆ ಇಲ್ಲ ಅಂತ ಕಾಣುತ್ತದೆ. ಹಗಲೆಲ್ಲ ಮಂಪರು ಇದ್ದರೆ ಯಾರ ಮುಖ ತಾನೇ ಓದಲಾದೀತು? ಖಿನ್ನತೆ ಇರಬಹುದು. ಕಿವಿ ಮಂದ ಆಗಿರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು. ಇವೆಲ್ಲ ಡಾಕ್ಟರ್ ಸರಿಮಾಡಬಹುದಾದ ವಿಷಯಗಳು. ಮಾತ್ರೆಯನ್ನು ನೀವೇ ಕಮ್ಮಿ ಮಾಡಬೇಡಿ, ನಿಲ್ಲಿಸಲೂಬೇಡಿ.

ದನಿ ಇನ್ನೂ ಜೋರಾಗಿ ಕೇಳುತ್ತಿದ್ದರೆ, ಭಯ ತುಂಬಿದ್ದರೆ ಮುಂದಿನ ಹೆಜ್ಜೆಗಳಿಗೆ ಇನ್ನೂ ಹೊತ್ತಾಗಿಲ್ಲ. ಮೊದಲು ಚಿಕಿತ್ಸೆ, ನಿದ್ದೆ, ಊಟ. ಅಭ್ಯಾಸ ಆಮೇಲೆ.

ಹೆಜ್ಜೆ 2: ಹದಿನೈದು ದಿನ ಬರೆದಿಡಿ

ಒಂದು ಪುಟ್ಟ ನೋಟ್‌ಬುಕ್ ತಗೊಳ್ಳಿ. ಎಲ್ಲಿ ಎಡವಟ್ಟಾಯಿತೋ ಅದನ್ನು ಎರಡು ಸಾಲಿನಲ್ಲಿ ಬರೆಯಿರಿ. ಏನು ನಡೆಯಿತು, ಅವರು ಅದನ್ನು ಹೇಗೆ ತಿಳಿದುಕೊಂಡರು. ನಿಮ್ಮ ಸಿಟ್ಟನ್ನು ಬರೆಯಬೇಡಿ, ನಡೆದದ್ದನ್ನು ಬರೆಯಿರಿ. ಅವರಿಂದ ಮುಚ್ಚಿಟ್ಟು ಬರೆಯುವುದೂ ಬೇಡ, ಯಾಕೆ ಬರೆಯುತ್ತಿದ್ದೀರಿ ಅಂತ ಹೇಳಿಯೇ ಬರೆಯಿರಿ. ಗೊತ್ತಿಲ್ಲದ ನೋಟ್‌ಬುಕ್ ಸಿಕ್ಕರೆ ಅನುಮಾನ ಹೆಚ್ಚಾಗುತ್ತದೆ. ಹದಿನೈದು ದಿನದಲ್ಲಿ ಒಂದು ದಾರಿ ಕಾಣಿಸುತ್ತದೆ. ಸಾಮಾನ್ಯವಾಗಿ ತೊಂದರೆ ಈ ನಾಲ್ಕು ಕಡೆ ಇರುತ್ತದೆ.

ಒಂದು, ಮುಖ ಮತ್ತು ದನಿ ಓದುವುದು. ನಗುಮುಖ ಬೇಗ ತಿಳಿಯುತ್ತದೆ. ಭಯ, ದುಃಖ, ಸಿಟ್ಟು, ಅಸಹ್ಯ ಕಷ್ಟ. ಇನ್ನೂ ತೊಂದರೆ ಏನಂದರೆ ಸುಮ್ನೆ ಇರುವ ಮುಖ ಕೂಡ ಕೆಲವರಿಗೆ ಸಿಟ್ಟಿನ ಮುಖವಾಗಿ ಕಾಣುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬರುವವರನ್ನು ಕಂಡು "ನನ್ನ ಮೇಲೆ ಕೆಂಡ ಕಾರ್ತಾ ಬಂದ" ಅಂತ ತಮ್ಮ ಹೇಳಿದ್ದುಂಟು. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹಾಗೆ ಕಾಣದ ಮುಖ ಯಾವುದಿದೆ ಹೇಳಿ!

ಎರಡು, ಸುಳಿವಿನ ಮಾತು. ಅವ್ವನ ನೀರಿನ ಕೊಡ ಇದೇ. ನಮ್ಮ ಮಾತಿನಲ್ಲಿ ಸುಳಿವು ಬಹಳ. ಹೊರಡುವಾಗ "ಬರ್ತೀನ್ರಿ" ಅನ್ನುತ್ತೇವೆ. "ಊಟ ಮಾಡ್ಕೊಂಡು ಹೋಗ್ರಿ" ಅಂತ ನಿಜಕ್ಕೂ ಕರೆದದ್ದಾ, ಬಾಯಿ ಮಾತಿಗೆ ಅಂದದ್ದಾ ಅಂತ ದನಿಯಲ್ಲೇ ತಿಳಿಯಬೇಕು. ಬಾಯಿ ಮಾತಿಗೆ ಕರೆದ ಮನೆಯಲ್ಲಿ ಕೂತು ಉಂಡು ಬಂದ ಅಂತ ಬೈಸಿಕೊಂಡವನು ನನ್ನ ತಮ್ಮ. ಅವನು ಕೇಳಿದ ಮಾತನ್ನು ನಂಬಿದ್ದ, ಅಷ್ಟೇ. ಚಾಷ್ಟಿ, ಚುಚ್ಚು ಮಾತು ಕೂಡ ಇಲ್ಲೇ ಬರುತ್ತವೆ. ಬಳ್ಳಾರಿ, ರಾಯಚೂರು ಕಡೆ ಒಂದೇ ಮನೆಯಲ್ಲಿ ಕನ್ನಡ, ತೆಲುಗು, ಉರ್ದು ಕಲೆಸಿ ಮಾತಾಡುತ್ತಾರೆ. ಮಾತು ಭಾಷೆಯಿಂದ ಭಾಷೆಗೆ ಹಾರುವಾಗ ತಮಾಷೆ ಹಿಡಿಯುವುದು ಇವರಿಗೆ ಇನ್ನೂ ಕಷ್ಟ ಅಂತ ನನಗನ್ನಿಸಿದೆ.

ಮೂರು, ಕಾರಣ ಹುಡುಕುವುದು. ಒಂದು ಘಟನೆ ನಡೆದರೆ ತಟ್ಟನೆ ಒಂದೇ ಕಾರಣಕ್ಕೆ ಅಂಟಿಕೊಳ್ಳುವುದು, ಅದೂ ಬಹಳ ಸಲ "ಬೇಕಂತಲೇ ಮಾಡಿದರು" ಅನ್ನುವುದಕ್ಕೆ. ಇದನ್ನು ನೋಡಲು ಮಣಿಗಳ ಒಂದು ಪರೀಕ್ಷೆ ಇದೆ. ಎರಡು ಜಾಡಿ. ಒಂದರಲ್ಲಿ ಒಂದು ಬಣ್ಣದ ಮಣಿ ಜಾಸ್ತಿ, ಇನ್ನೊಂದರಲ್ಲಿ ಇನ್ನೊಂದು ಬಣ್ಣದ್ದು ಜಾಸ್ತಿ. ಯಾವುದೋ ಒಂದು ಜಾಡಿಯಿಂದ ಒಂದೊಂದೇ ಮಣಿ ತೆಗೆದು ತೋರಿಸುತ್ತಾರೆ, ಯಾವ ಜಾಡಿ ಅಂತ ಹೇಳಬೇಕು. ಎಷ್ಟು ಮಣಿ ಬೇಕಾದರೂ ಕೇಳಬಹುದು. ಭ್ರಮೆ ಇರುವವರಲ್ಲಿ ಎಷ್ಟೋ ಜನ ಒಂದೆರಡು ಮಣಿ ನೋಡಿಯೇ ತೀರ್ಮಾನ ಹೇಳಿಬಿಡುತ್ತಾರೆ. ಮನೆಯಲ್ಲೂ ಹಾಗೇ, ಒಂದೆರಡು ಮಣಿಗೆ ತೀರ್ಮಾನ.

ನಾಲ್ಕು, ಜಾಗದ ರೀತಿ ರಿವಾಜು. ಎಲ್ಲಿ ಜೋರಾಗಿ ಮಾತಾಡಬಹುದು, ಯಾರಿಗೆ ಎಷ್ಟು ಹತ್ತಿರ ನಿಲ್ಲಬಹುದು, ಯಾವ ಪ್ರಶ್ನೆ ಕೇಳಬಾರದು ಅನ್ನುವುದು.

ನಿಮ್ಮವರಿಗೆ ನಾಲ್ಕೂ ಇರಲೇಬೇಕು ಅಂತಿಲ್ಲ. ನನ್ನ ತಮ್ಮನಿಗೆ ಎರಡನೆಯದು ಬಹಳ, ನಾಲ್ಕನೆಯದು ಹೆಚ್ಚೇನಿಲ್ಲ.

ಹೆಜ್ಜೆ 3: ಮೊದಲು ನಿಮ್ಮ ಮಾತು ಬದಲಾಗಲಿ

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದು. ಖರ್ಚಿಲ್ಲ, ಇವತ್ತೇ ಶುರು ಮಾಡಬಹುದು. ಆದರೆ ಕಷ್ಟ ಇದೆ, ಯಾಕಂದರೆ ಹುಟ್ಟಿದಾಗಿನಿಂದ ಆಡಿದ ಮಾತಿನ ರೀತಿ ಬದಲಿಸಬೇಕು.

ಬೇಕಾದ್ದನ್ನು ನೇರವಾಗಿ ಹೇಳಿ. "ನೀರು ತರೋರು ಯಾರೂ ಇಲ್ಲ" ಬೇಡ. "ನನಗೆ ಜ್ವರ ಐತಿ. ಈ ಕೊಡ ತಗೊಂಡು ನಲ್ಲಿಗೆ ಹೋಗಿ ಒಂದು ಕೊಡ ನೀರು ತಂದುಕೊಡು" ಅನ್ನಿ. ಇದರಲ್ಲಿ ಮೂರು ವಿಷಯ ಇದೆ ನೋಡಿ. ನಿಮಗೆ ಏನಾಗಿದೆ, ಅವರಿಂದ ಏನು ಬೇಕು, ಎಷ್ಟು ಬೇಕು. ಅವ್ವ ಮೊದಲ ಸಲ ಹೀಗೆ ಹೇಳಿದಾಗ ತಮ್ಮ ಎದ್ದು ಹೋಗಿ ಎರಡು ಕೊಡ ತಂದ, ಆಮೇಲೆ ಜ್ವರ ಎಷ್ಟಿದೆ ಅಂತ ಹಣೆ ಮುಟ್ಟಿ ನೋಡಿದ. ಅವ್ವ ಅವತ್ತೂ ಅತ್ತಳು.

ನಿಮ್ಮ ಭಾವನೆಗೆ ಹೆಸರು ಕೊಡಿ. ಮುಖ ಊದಿಸಿಕೊಂಡು ಪಾತ್ರೆ ಕುಕ್ಕಿದರೆ ಅವರಿಗೆ ಸದ್ದು ಮಾತ್ರ ಕೇಳಿಸುತ್ತದೆ. "ನನಗೆ ಈಗ ಸಿಟ್ಟು ಬಂದಿದೆ. ಕರೆಂಟ್ ಬಿಲ್ ಜಾಸ್ತಿ ಬಂದಿದೆ ಅಂತ. ನಿನ್ನ ಮೇಲೆ ಅಲ್ಲ." ಈ ಕೊನೆಯ ಮಾತು, ನಿನ್ನ ಮೇಲೆ ಅಲ್ಲ ಅನ್ನುವುದು, ಎಷ್ಟು ಜಗಳ ತಪ್ಪಿಸಿದೆ ಅಂತ ಲೆಕ್ಕ ಇಟ್ಟಿಲ್ಲ. ಸುಮ್ನೆ ಬೇಸರವಾಗಿ ಕೂತಿದ್ದರೂ ಹೇಳಿಬಿಡಿ. ನಿಮ್ಮ ಮೌನವನ್ನು ಅವರು ತಮ್ಮ ಮೇಲಿನ ಸಿಟ್ಟು ಅಂತ ತಿಳಿಯುವ ಮೊದಲೇ ಹೇಳಿ.

ಮುಖ, ದನಿ, ಮಾತು ಮೂರೂ ಒಂದೇ ಇರಲಿ. ನಗುತ್ತಾ ಬೈಯುವುದು, ಬೈದ ದನಿಯಲ್ಲಿ ಪ್ರೀತಿ ತೋರಿಸುವುದು ನಮ್ಮ ಕಡೆ ಸಹಜ. "ಬಾರೋ ದರಿದ್ರ, ಎಷ್ಟು ದಿನ ಆಯ್ತು ನೋಡಿ" ಅಂತ ಸೋದರಮಾವ ಕರೆದರೆ ಉಳಿದವರಿಗೆ ಅದು ಮುದ್ದು. ಇವರಿಗೆ ದರಿದ್ರ ಅಂದದ್ದಷ್ಟೇ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ಮಾತು. ಹೇಳಿದ ಮೇಲೆ ಕಾಯಿರಿ. ಉತ್ತರ ಬರಲು ಹತ್ತು ಸೆಕೆಂಡ್ ಬೇಕಾಗಬಹುದು, ಆ ಹತ್ತು ಸೆಕೆಂಡಿನಲ್ಲಿ ಮತ್ತೊಂದು ಪ್ರಶ್ನೆ ಹಾಕಿದರೆ ಮೊದಲಿನದು ಕಳೆದೇ ಹೋಗುತ್ತದೆ. ಟಿವಿ ಆರಿಸಿ ಮಾತಾಡಿ. ಮಾತಾಡುವಾಗ ಎದುರಿಗೆ ಬನ್ನಿ, ಅಡುಗೆಮನೆಯಿಂದ ಕೂಗಬೇಡಿ. ಆದರೆ ದಿಟ್ಟಿಸಿ ನೋಡುವುದೂ ಬೇಡ, ಕೆಲವರಿಗೆ ಅದು ಹೆದರಿಕೆ ತರುತ್ತದೆ.

ನೇರವಾಗಿ ಹೇಳುವುದು ಅಂದರೆ ಚಿಕ್ಕ ಮಗುವಿಗೆ ಹೇಳಿದಂತೆ ಹೇಳುವುದಲ್ಲ. ಅವರ ಬುದ್ಧಿ ಕಮ್ಮಿಯಾಗಿಲ್ಲ. ನನ್ನ ತಮ್ಮ ಭತ್ತದ ಮಂಡಿಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ. ಬೆಳೆದವರ ಜೊತೆ ಮಾತಾಡುವ ಗೌರವದಲ್ಲೇ ಮಾತಾಡಿ.

ಹೆಜ್ಜೆ 4: ಮುಖ ಓದುವ ಅಭ್ಯಾಸ, ಧಾರಾವಾಹಿ ಮೂಲಕ

ಸ್ಕಿಜೋಫ್ರೇನಿಯಾ ಇರುವವರ ಕಣ್ಣಿನ ಓಟವನ್ನು ಯಂತ್ರದಿಂದ ಅಳೆದು ನೋಡಿದಾಗ, ಅವರು ಎದುರಿನವರ ಕಣ್ಣು, ಬಾಯಿಯ ಮೇಲೆ ಕಡಿಮೆ ಹೊತ್ತು ದೃಷ್ಟಿ ನಿಲ್ಲಿಸುತ್ತಾರೆ ಅಂತ ಕಂಡುಬಂದಿದೆ. ಮುಖದಲ್ಲಿ ಸುದ್ದಿ ಇರುವುದೇ ಅಲ್ಲಿ. ಅದಕ್ಕೇ ಅಭ್ಯಾಸ ಅಲ್ಲಿಂದಲೇ ಶುರು.

ಸಂಜೆ ಒಂದು ಕನ್ನಡ ಧಾರಾವಾಹಿ ಹಾಕಿ, ಸದ್ದು ಬಂದ್ ಮಾಡಿ. ಧಾರಾವಾಹಿಯಲ್ಲಿ ಮುಖಗಳನ್ನು ಹತ್ತಿರದಿಂದ, ಬಹಳ ಹೊತ್ತು ತೋರಿಸುತ್ತಾರಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ದೃಶ್ಯ ನೋಡಿ, ನಿಲ್ಲಿಸಿ, ಕೇಳಿ: ಹುಬ್ಬು ಎಲ್ಲಿದೆ? ಬಾಯಿ ಹೇಗಿದೆ? ಇವಳಿಗೆ ಈಗ ಏನನ್ನಿಸಿರಬಹುದು? ಆಮೇಲೆ ಸದ್ದು ಹಾಕಿ ಅದೇ ದೃಶ್ಯ ನೋಡಿ. ಸರಿ, ತಪ್ಪು ಅಂತ ಮಾರ್ಕ್ಸ್ ಕೊಡಬೇಡಿ. "ನನಗೆ ಅವಳು ಹೆದರಿದಂಗೆ ಕಂಡಳು, ಕಣ್ಣು ಅಗಲ ಆಗಿತ್ತು ನೋಡು" ಅಂತ ನಿಮ್ಮ ಕಾರಣ ಹೇಳಿ. ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಸಾಕು. ಒಲ್ಲೆ ಅಂದರೆ ಬಿಡಿ, ನಾಳೆ ನೋಡೋಣ. ಮನೆಯ ಮದುವೆ ಆಲ್ಬಮ್ ಕೂಡ ಒಳ್ಳೆಯದು, ಗೊತ್ತಿರುವ ಮುಖಗಳಿರುತ್ತವೆ, ನೆನಪೂ ಬರುತ್ತದೆ.

ಅವರ ಮುಖದ ಬಗ್ಗೆಯೂ ಸ್ವಲ್ಪ. ಒಳಗೆ ಖುಷಿ ಇದ್ದರೂ ಮುಖದಲ್ಲಿ ಕಾಣದಿದ್ದರೆ ಎದುರಿನವರಿಗೆ ತಿಳಿಯುವುದಿಲ್ಲ. ಅದಕ್ಕೆ ಮಾತು ಕಲಿಸಿ. "ನೀವು ಬಂದದ್ದು ಖುಷಿ ಆಯ್ತು" ಅನ್ನುವ ಒಂದೇ ವಾಕ್ಯ ತಮ್ಮನಿಗೆ ಎಷ್ಟೋ ಬಾಗಿಲು ತೆರೆದಿದೆ.

ಹೆಜ್ಜೆ 5: ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಒಮ್ಮೆ ಕೊಪ್ಪಳ ಬಸ್ ಸ್ಟ್ಯಾಂಡ್‌ನಲ್ಲಿ ನಾಲ್ಕು ಹುಡುಗರು ನಗುತ್ತಾ ನಿಂತಿದ್ದರು. ತಮ್ಮ ಮನೆಗೆ ಬಂದವನೇ "ನನ್ನ ನೋಡಿ ನಕ್ಕರು, ಇನ್ಮೇಲೆ ಕೊಪ್ಪಳಕ್ಕೆ ಹೋಗಲ್ಲ" ಅಂದ. "ಹಾಗೇನಿಲ್ಲ, ನಿನಗೆ ಬರೀ ಅನುಮಾನ" ಅಂದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಬದಲಿಗೆ ನೋಟ್‌ಬುಕ್ ತೆಗೆದು ಒಂದು ಹಾಳೆಯಲ್ಲಿ ಎರಡು ಗೆರೆ ಹಾಕಿ ಮೂರು ಭಾಗ ಮಾಡಿದೆವು.

ಮೊದಲ ಭಾಗದಲ್ಲಿ ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ: ನಾಲ್ಕು ಹುಡುಗರು, ಒಬ್ಬನ ಕೈಯಲ್ಲಿ ಮೊಬೈಲ್, ನಗು, ಒಬ್ಬ ನನ್ನ ಕಡೆ ತಿರುಗಿದ. ಎರಡನೆಯದರಲ್ಲಿ ಊಹೆ: ನನ್ನ ನೋಡಿ ನಕ್ಕರು. ಮೂರನೆಯದರಲ್ಲಿ ಇನ್ನೇನಿರಬಹುದು ಅಂತ ಕನಿಷ್ಠ ಮೂರು ಕಾರಣ. ಇವನ್ನು ಅವರ ಬಾಯಿಂದಲೇ ಬರಿಸಿ, ನೀವು ಒಂದನ್ನು ಸೇರಿಸಬಹುದು. ಮೊಬೈಲಲ್ಲಿ ವಿಡಿಯೋ ನೋಡುತ್ತಿದ್ದಿರಬಹುದು. ಬಸ್ ಬಂತಾ ಅಂತ ತಿರುಗಿರಬಹುದು. ಹೌದು, ನನ್ನ ನೋಡಿ ನಕ್ಕಿದ್ದರೂ ಇರಬಹುದು. ಈ ಕೊನೆಯದನ್ನು ಅಳಿಸಬೇಡಿ. ಜನ ನಗುವುದೂ ಉಂಟು, ಅದನ್ನು ಅವರು ಅನುಭವಿಸಿದ್ದಾರೆ. ನೀವು ಅದನ್ನು ಇಲ್ಲ ಅಂದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಆಮೇಲೆ ಕೇಳಿ: ಇದನ್ನು ತಿಳಿಯಲು ಇನ್ನೊಂದು ಮಣಿ ನೋಡಬಹುದಾ? ಯಾರನ್ನಾದರೂ ಕೇಳಬಹುದಾ? ನನ್ನ ತಮ್ಮನಿಗೆ ಜಾಡಿಯ ಕಥೆ ಹೇಳಿದ ಮೇಲೆ "ಇನ್ನೊಂದು ಮಣಿ" ನಮ್ಮ ಮನೆಯ ಮಾತಾಗಿದೆ. ಗೆಳೆಯ ಫೋನ್ ಎತ್ತದಿದ್ದರೆ ಈಗ ಅವನೇ ಹೇಳುತ್ತಾನೆ, "ಇನ್ನೊಂದು ಮಣಿ ನೋಡ್ತೀನಿ, ಸಂಜಿಗೆ ಮತ್ತ ಮಾಡ್ತೀನಿ."

ಒಂದು ಎಚ್ಚರಿಕೆ. ಇದು ದಿನನಿತ್ಯದ ಸಣ್ಣಪುಟ್ಟ ಅನುಮಾನಕ್ಕೆ. ಯಾರೋ ವಿಷ ಹಾಕುತ್ತಿದ್ದಾರೆ ಅಂತ ಗಟ್ಟಿಯಾಗಿ ನಂಬಿದವರ ಜೊತೆ ಹಾಳೆ ಹಿಡಿದು ವಾದಕ್ಕೆ ಕೂರಬೇಡಿ. ಆಗ "ನಿನಗೆ ಬಹಳ ಹೆದರಿಕೆ ಆಗಿದೆ ಅಂತ ಕಾಣ್ತದೆ, ನಾನು ಜೊತೆಗಿದ್ದೀನಿ" ಅಂತ ಭಯದ ಜೊತೆ ಮಾತಾಡಿ, ಡಾಕ್ಟರ್‌ಗೆ ತಿಳಿಸಿ.

ಹೆಜ್ಜೆ 6: ಮದುವೆ, ಜಾತ್ರೆ, ಸಂತೆಗೆ ಹೋಗುವ ಮೊದಲು

ಸಿಂಧನೂರಿನಲ್ಲಿ ನೆಂಟರ ಮದುವೆ ಇದೆ ಅಂತ ಇಟ್ಟುಕೊಳ್ಳಿ. ಕರೆದುಕೊಂಡು ಹೋಗಬೇಕಾ, ಬಿಟ್ಟು ಹೋಗಬೇಕಾ? ಬಿಟ್ಟು ಹೋಗುವುದು ಸುಲಭ, ಆದರೆ ಬಿಟ್ಟಷ್ಟೂ ಅಭ್ಯಾಸ ತಪ್ಪುತ್ತದೆ. ಅವರನ್ನೇ ಕೇಳಿ. ಬರುತ್ತೇನೆ ಅಂದರೆ ಹಿಂದಿನ ದಿನ ಹೀಗೆ ತಯಾರಿ ಮಾಡಿ.

ಯಾರ್ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತೇವೆ ಅಂತ ಹೇಳಿ. ಒಂದೂವರೆ ಗಂಟೆ ಅಂದರೆ ಒಂದೂವರೆ ಗಂಟೆಯೇ ಇರಲಿ. ಬರುವ ಪ್ರಶ್ನೆಗಳು ಗೊತ್ತೇ ಇರುತ್ತವೆ: ಏನು ಕೆಲಸ ಮಾಡ್ತೀಯಪ್ಪ, ಮದುವೆ ಯಾವಾಗ, ಯಾಕೆ ಇಷ್ಟು ದಪ್ಪ ಆಗೀದಿ. ಒಂದೊಂದಕ್ಕೂ ಚಿಕ್ಕ ಉತ್ತರ ಅವರಿಂದಲೇ ಮಾಡಿಸಿ. "ಮನೀ ಅಂಗಡಿ ನೋಡ್ಕೋತೀನಿ." "ಮದುವೆ ಆದ್ರ ಹೇಳ್ತೀವ್ರಿ." ನೀವು ದೊಡ್ಡಪ್ಪ ಆಗಿ, ಪ್ರಶ್ನೆ ಕೇಳಿ, ಎರಡು ಸಲ ಆಡಿ ನೋಡಿ. ಆಮೇಲೆ ಅವರು ದೊಡ್ಡಪ್ಪ ಆಗಲಿ, ನೀವು ಉತ್ತರ ಕೊಡಿ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ದೊಡ್ಡಪ್ಪನ ಪಾತ್ರ ಮಾಡುವಾಗ ತಮ್ಮ ಒಮ್ಮೆ ತಾನೇ ನಿಂತುಬಿಟ್ಟ. "ಅವನಿಗೆ ಬೇರೆ ಮಾತು ಗೊತ್ತಿಲ್ಲ ಅಂತ ಹಿಂಗ ಕೇಳ್ತಾನ" ಅಂದ. ಎಷ್ಟು ನಿಜ, ಅಲ್ವಾ?

ಹೊರಗೆ ಹೋಗಬೇಕು ಅನ್ನಿಸಿದರೆ ತೋರಿಸಲು ಒಂದು ಸನ್ನೆ ಮಾತಾಡಿಕೊಳ್ಳಿ. ನಮ್ಮದು ಕರ್ಚೀಫ್ ಜೇಬಿನಿಂದ ತೆಗೆಯುವುದು. ತೆಗೆದ ಕೂಡಲೇ ನಾನು ಕಾರಣ ಕೇಳದೆ ಎದ್ದು ಹೊರಗೆ ಕರೆದುಕೊಂಡು ಹೋಗುತ್ತೇನೆ. ಪೆಂಡಾಲಿನ ಅಂಚಿನಲ್ಲಿ, ಸ್ಪೀಕರ್‌ನಿಂದ ದೂರ ಕೂರಿ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವುದಾದರೆ ತೇರಿನ ಹೊತ್ತು ಬಿಟ್ಟು, ಜನ ಕಮ್ಮಿ ಇರುವ ಬೆಳಗ್ಗೆ ಹೋಗಿ. ಬೇಸಿಗೆಯಲ್ಲಿ ಇನ್ನೂ ಒಂದು ವಿಷಯ. ಈ ಕಾಯಿಲೆಯ ಕೆಲವು ಮಾತ್ರೆಗಳಿಂದ ಮೈ ಬಿಸಿಯನ್ನು ತಣಿಸಿಕೊಳ್ಳುವ ಶಕ್ತಿ ಕುಗ್ಗುತ್ತದೆ, ನಮ್ಮ ಊರುಗಳ ಮಧ್ಯಾಹ್ನದ ಬಿಸಿಲಿಗೆ ಅವರನ್ನು ಒಡ್ಡಬೇಡಿ, ನೀರು ಜೊತೆಗಿರಲಿ.

ಮನೆಗೆ ಬಂದ ಮೇಲೆ ಐದು ನಿಮಿಷ ಮಾತಾಡಿ. ಮೊದಲು ಚೆನ್ನಾಗಿ ಆದದ್ದು. "ಅತ್ತೆಗೆ ನೀನೇ ಮುಂದೆ ಹೋಗಿ ನಮಸ್ಕಾರ ಹೇಳಿದೆ" ಅಂತ ಇದ್ದದ್ದನ್ನು ಹೇಳಿ. ಆಮೇಲೆ ಒಂದೇ ಒಂದು ವಿಷಯ, ಮುಂದಿನ ಸಲಕ್ಕೆ. ಐದು ತಪ್ಪು ಕಂಡಿದ್ದರೂ ಒಂದೇ.

ಹೆಜ್ಜೆ 7: ನೆಂಟರಿಗೆ, ಅಕ್ಕಪಕ್ಕದವರಿಗೆ

ಎಲ್ಲರಿಗೂ ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಕಾಯಿಲೆ ಇರುವವರ ಜೊತೆ ಕೂತು ತೀರ್ಮಾನಿಸಿ, ಅದು ಅವರ ಬದುಕಿನ ವಿಷಯ. "ಅವನಿಗೆ ಸುತ್ತಿ ಬಳಸಿ ಹೇಳಿದರೆ ತಿಳಿಯಲ್ಲ, ನೇರ ಹೇಳ್ರಿ, ಚಾಷ್ಟಿ ಮಾಡಬೇಡ್ರಿ" ಅಂದರೆ ಬಹಳ ಜನಕ್ಕೆ ಸಾಕು.

ಮನೆಯ ಒಳಗಿನ ಮಾತು ಇದಕ್ಕಿಂತ ಮುಖ್ಯ. ಸದಾ ಟೀಕೆ, ಹಗೆ, ಇಲ್ಲವೇ ಉಸಿರು ಬಿಡಲೂ ಕೊಡದಷ್ಟು ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಮೊದಲು ಲಂಡನ್ನಿನಲ್ಲಿ, ಆಮೇಲೆ ಎಷ್ಟೋ ದೇಶಗಳಲ್ಲಿ ನೋಡಿದ್ದಾರೆ. ಚಂಡೀಗಢದಲ್ಲಿ ಇದೇ ಅಧ್ಯಯನ ಮಾಡಿದಾಗ ಅಂಥ ಟೀಕೆಯ ಮನೆಗಳು ಲಂಡನ್ನಿಗಿಂತ ಬಹಳ ಕಮ್ಮಿ ಕಂಡವು. ನಮ್ಮ ಮನೆಗಳಲ್ಲಿ ಸಹಿಸಿಕೊಳ್ಳುವ ಗುಣ ಇದೆ. ಆದರೆ ಸಹಿಸುವವರಿಗೂ ದಣಿವಾಗುತ್ತದೆ. ಒಬ್ಬರೇ ಎಲ್ಲ ಹೊತ್ತುಕೊಳ್ಳಬೇಡಿ. ಧಾರಾವಾಹಿ ಅಭ್ಯಾಸ ಅಣ್ಣನದು, ಹಾಳೆ ಬರೆಯುವುದು ಅಕ್ಕನದು ಅಂತ ಹಂಚಿಕೊಳ್ಳಿ. ಅವ್ವಂದಿರಿಗೆ ಬಿಡುವು ಕೊಡಿ.

ಹೆಜ್ಜೆ 8: ಎಲ್ಲಿ ಕೇಳಬೇಕು, ಏನು ಕೇಳಬೇಕು

ಈ ವಿಷಯದಲ್ಲಿ ನಮ್ಮ ಬಳ್ಳಾರಿಗೆ ದೊಡ್ಡ ಹೆಸರಿದೆ, ನಮ್ಮವರಿಗೇ ಗೊತ್ತಿರುವುದಿಲ್ಲ. 1980ರ ದಶಕದ ನಡುವಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರ್‌ಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ಕೊಟ್ಟರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಇದೇ ಬಳ್ಳಾರಿ ಮಾದರಿಯ ಮೇಲೆ. ಇಡೀ ದೇಶ ನಮ್ಮ ಪಕ್ಕದ ಜಿಲ್ಲೆಯಿಂದ ಕಲಿತದ್ದನ್ನು ನಾವು ಉಪಯೋಗಿಸದೆ ಇರಬಾರದು.

ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮಾನಸಿಕ ವಿಭಾಗದಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇಡುತ್ತಾರೆ, ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಕೇಳಿಕೊಂಡೇ ಹೋಗಿ. ದೂರ ಹೋಗಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನವರು ಸಾಮಾಜಿಕ ಅರಿವನ್ನು ನಮ್ಮ ದೇಶದ ಜನಕ್ಕೆ ಹೊಂದುವಂತೆ ಅಳೆಯಲು ಸೊಕ್ರಾಟಿಸ್ ಅನ್ನುವ ಪರೀಕ್ಷೆಗಳನ್ನು ರೂಪಿಸಿದ್ದಾರೆ. ಅಂದರೆ ಈ ತೊಂದರೆಗೆ ಹೆಸರಿದೆ, ಅಳತೆ ಇದೆ, ನಿಮ್ಮ ಕಲ್ಪನೆ ಅಲ್ಲ.

ಒಂದು ಸಲ ಡಾಕ್ಟರೊಬ್ಬರು ನನ್ನ ಮಾತು ಪೂರ್ತಿ ಕೇಳದೆ "ದನಿ ಕೇಳಲ್ಲ ಅಲ್ವಾ, ಆರಾಮಿದ್ದಾನೆ" ಅಂತ ಕಳಿಸಿದ್ದರು. ಅವತ್ತು ಬರಿಗೈಲಿ ಹೋಗಿದ್ದೆ. ಮುಂದೆ ನೋಟ್‌ಬುಕ್ ಹಿಡಿದು ಹೋದೆ, ಬೇರೆ ಡಾಕ್ಟರ್ ಆರು ಸಾಲು ಓದಿ ಅರ್ಧ ಗಂಟೆ ಮಾತಾಡಿದರು. ಸಾಮಾಜಿಕ ಕೌಶಲ ತರಬೇತಿ ಇಲ್ಲಿ ಸಿಗುತ್ತದಾ, ಮನಃಶಾಸ್ತ್ರಜ್ಞರು ಯಾವ ದಿನ ಬರುತ್ತಾರೆ ಅಂತ ಬಾಯಿಬಿಟ್ಟು ಕೇಳಿ.

ಅಂಗವೈಕಲ್ಯ ಕಾರ್ಡಿನ ಬಗ್ಗೆಯೂ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಪ್ರಮಾಣ ಅಳೆಯುವಾಗ ನಾಲ್ಕು ವಿಷಯ ನೋಡುತ್ತಾರೆ: ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ನಡುವಿನ ಎರಡು ನಾವು ಇಷ್ಟು ಹೊತ್ತು ಮಾತಾಡಿದ ವಿಷಯವೇ. ಶೇ 40 ಅಥವಾ ಹೆಚ್ಚು ಅಂತ ಬಂದರೆ ಸೌಲಭ್ಯಗಳಿಗೆ ಅರ್ಹತೆ ಸಿಗುತ್ತದೆ. "ಎಲ್ಲ ಆರಾಮ ಐತ್ರಿ" ಅಂತ ಸಂಕೋಚಕ್ಕೆ ಹೇಳಿ ಬರಬೇಡಿ, ಇದ್ದದ್ದನ್ನು ಹೇಳಿ.

ನಿದ್ದೆ ಸತತ ಎರಡು ಮೂರು ರಾತ್ರಿ ಹೋದರೆ, ಮಾತ್ರೆ ಉಗುಳಿದರೆ, ಒಬ್ಬರೇ ಮಾತಾಡುವುದು ಹೆಚ್ಚಾದರೆ ಕ್ಲಿನಿಕ್ ದಿನ ಕಾಯಬೇಡಿ. ಸಾಯುವ ಮಾತು ಬಂದರೆ, ದನಿ ಏನೋ ಮಾಡು ಅನ್ನುತ್ತಿದೆ ಅಂದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಉಳಿದ ದಿನಗಳಿಗೆ ನೋಟ್‌ಬುಕ್ ಇದೆ. ನಮ್ಮದು ಈಗ ಮೂರನೆಯದು. ಮೊದಲ ಎರಡರಲ್ಲಿ ನನ್ನ ಅಕ್ಷರವೇ ಜಾಸ್ತಿ. ಇದರಲ್ಲಿ ತಮ್ಮನೂ ಬರೆಯುತ್ತಾನೆ. ಹೋದ ವಾರದ ಹಾಳೆಯಲ್ಲಿ ಅವನ ಕೈಬರಹದಲ್ಲಿ ಹೀಗಿದೆ: "ಅಕ್ಕ ಸುಮ್ಮನಿದ್ದಳು. ಕೇಳಿದೆ. ತಲೆನೋವಂತೆ."